ನಿಂತ ಚಿತ್ರ, ಮಿಡಿವ ನಾಳ

ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲ್ಲೂಕಿನ ಬೆಲ್ಲದ ಬಾಗೇವಾಡಿ ಕಬ್ಬಿನ ಸೀಮೆಯ ಊರು. ರಾಜ್ಯದ ಉಳಿದವರಿಗೆ ಈ ಊರು ಗೊತ್ತಿರುವುದು ಕತ್ತಿ ಮನೆತನದಿಂದ. 1985ರಲ್ಲಿ ಈ ಮನೆತನದ ವಿಶ್ವನಾಥ ಕತ್ತಿ ಶಾಸಕರಾಗಿದ್ದಾಗಲೇ ಹೃದಯಾಘಾತದಿಂದ ತೀರಿಕೊಂಡರು. ತೆರವಾದ ಸ್ಥಾನಕ್ಕೆ ಉಪಚುನಾವಣೆ ನಡೆದು, ಇಪ್ಪತ್ತೈದರ ಆಸುಪಾಸಿನ ಮಗ ಉಮೇಶ ಕತ್ತಿ ವಿಧಾನಸಭೆ ಹೊಕ್ಕರು. ಪಕ್ಷಗಳು ಬದಲಾದರೂ ಹುಕ್ಕೇರಿಯ ಮತದಾರ ಅವರನ್ನು ಮತ್ತೆ ಮತ್ತೆ ಗೆಲ್ಲಿಸಿದ. 2022ರ ಸೆಪ್ಟೆಂಬರ್ 6ರ ರಾತ್ರಿ, ಆಗ ಅರಣ್ಯ ಮತ್ತು ಆಹಾರ ಸಚಿವರಾಗಿದ್ದ ಅವರು ಬೆಂಗಳೂರಿನ ತಮ್ಮ ಮನೆಯಲ್ಲಿ ಕುಸಿದು ಬಿದ್ದರು. ಆಸ್ಪತ್ರೆಗೆ ಒಯ್ದರೂ ಉಳಿಯಲಿಲ್ಲ. ವಯಸ್ಸು 61, ಕಾರಣ ಹೃದಯಾಘಾತ. ಮರುದಿನ ಪಾರ್ಥಿವ ಶರೀರ ವಿಮಾನದಲ್ಲಿ ಬೆಳಗಾವಿಯ ಸಾಂಬ್ರಾ ನಿಲ್ದಾಣಕ್ಕೆ ಬಂದು, ಅಲ್ಲಿಂದ ಊರು ಸೇರಿ, ಸರ್ಕಾರಿ ಗೌರವದೊಂದಿಗೆ ಬೆಲ್ಲದ ಬಾಗೇವಾಡಿಯ ಮಣ್ಣಿಗೆ ಸಂದಿತು.

ಒಂದೇ ಮನೆಯ ಎರಡು ಸಾವುಗಳಿಂದ ಯಾವ ಸಿದ್ಧಾಂತವನ್ನೂ ಕಟ್ಟಲಾಗದು. ಅವರ ರಕ್ತನಾಳಗಳ ಸ್ಥಿತಿಗತಿ ಅವರ ಮನೆಯವರಿಗೆ ಮತ್ತು ವೈದ್ಯರಿಗೆ ಬಿಟ್ಟ ವಿಷಯ. ಆದರೆ ಈ ಎರಡು ಸಾವುಗಳ ನಡುವಿನ 37 ವರ್ಷಗಳು ಹೃದಯಾಘಾತದ ಬಗೆಗಿನ ತಿಳಿವಳಿಕೆ ತಲೆಕೆಳಗಾದ ವರ್ಷಗಳು. ಎಷ್ಟು ಕಿರಿದಾಗಿದೆ ಎಂದಷ್ಟೇ ರಕ್ತನಾಳವನ್ನು ಕೇಳುತ್ತಿದ್ದ ವೈದ್ಯಶಾಸ್ತ್ರ, ಅದರ ಗೋಡೆ ಹೇಗಿದೆ, ಎಷ್ಟು ಬಾಗುತ್ತದೆ, ಎಲ್ಲಿ ಮಡಚುತ್ತದೆ ಎಂದೂ ಕೇಳತೊಡಗಿತು. ಆ ಪ್ರಶ್ನೆಗಳಿಗೆ ಪೂರ್ತಿ ಉತ್ತರ ಇನ್ನೂ ಸಿಕ್ಕಿಲ್ಲ. ಸಿಕ್ಕಷ್ಟರ ಚರಿತ್ರೆ ಇದು.

ಎದೆ ಹಿಡಿದರೆ ಆಗ ಏನಿತ್ತು?

1985ರ ಸುಮಾರಿಗೆ ಗೋಕಾಕ, ಹುಕ್ಕೇರಿ ಕಡೆಯ ಹಳ್ಳಿಯಲ್ಲಿ ಯಾರಿಗಾದರೂ ಎದೆ ಹಿಡಿದರೆ ಮೊದಲು ಕೇಳಿಬರುತ್ತಿದ್ದ ಮಾತು ಇವತ್ತೂ ಕೇಳಿಬರುವುದೇ: "ಏನಿಲ್ಲ ತಗೋರಿ, ಪಿತ್ತ ಆಗೇತಿ. ಒಂದು ಸೋಡಾ ಕುಡೀರಿ." ಸೋಡಾ ಕುಡಿದೂ ಸಂಕಟ ಇಳಿಯದೆ ಬೆವರು ಕಿತ್ತುಕೊಂಡು ಬಂದಾಗ ಗಾಡಿ ಹುಡುಕುವುದು, ಬೆಳಗಾವಿಯ ದಾರಿ ಹಿಡಿಯುವುದು. ತಾಸಿಗೂ ಮೇಲಿನ ಹಾದಿ. ತಲುಪಿದ ಮೇಲೆ ದೊಡ್ಡ ನಗರದಲ್ಲಾದರೂ ಸಿಗುತ್ತಿದ್ದುದು ಇ.ಸಿ.ಜಿ., ನೋವಿಗೆ ಮಾರ್ಫಿನ್, ಮೂಗಿಗೆ ಆಮ್ಲಜನಕ, ಹೃದಯದ ಬಡಿತ ತಾಳ ತಪ್ಪಿದರೆ ವಿದ್ಯುತ್ ಆಘಾತ, ಆಮೇಲೆ ದಿನಗಟ್ಟಲೆ ಹಾಸಿಗೆ. ಕಟ್ಟಿಕೊಂಡ ನಾಳವನ್ನು ತೆರೆಯುವ ಔಷಧ ಜಗತ್ತಿನ ಹೆಚ್ಚಿನ ಆಸ್ಪತ್ರೆಗಳಲ್ಲಿ ಇನ್ನೂ ರೂಢಿಗೆ ಬಂದಿರಲಿಲ್ಲ.

ಅಂಥ ಔಷಧ ನಿಜಕ್ಕೂ ಜೀವ ಉಳಿಸುತ್ತದೆಂದು ಸಾಬೀತಾದದ್ದು ಮರುವರ್ಷ. 1986ರ ಫೆಬ್ರವರಿಯಲ್ಲಿ ಇಟಲಿಯ ವೈದ್ಯರು 11,806 ರೋಗಿಗಳ ಮೇಲೆ ನಡೆಸಿದ, ಸ್ಟ್ರೆಪ್ಟೊಕೈನೇಸ್ ಎಂಬ ಅಂಥ ಔಷಧದ ಪರೀಕ್ಷೆಯ ಫಲಿತಾಂಶವನ್ನು 'ಲ್ಯಾನ್ಸೆಟ್' ಪ್ರಕಟಿಸಿತು. 1988ರಲ್ಲಿ 17,187 ರೋಗಿಗಳ ಇನ್ನೊಂದು ಪರೀಕ್ಷೆ ಬಂತು. ಹೃದಯಾಘಾತವಾದ ಕೂಡಲೇ ಕೊಟ್ಟ ಆಸ್ಪಿರಿನ್ ಐದು ವಾರದೊಳಗಿನ ಸಾವನ್ನು ಶೇ. 23ರಷ್ಟು ಇಳಿಸುತ್ತದೆ, ಸ್ಟ್ರೆಪ್ಟೊಕೈನೇಸ್ ಜೊತೆಗೂಡಿದರೆ ಶೇ. 42ರಷ್ಟು ಇಳಿಸುತ್ತದೆ ಎಂದು ಅದು ಹೇಳಿತು. ಕೆಲವು ಪೈಸೆಯ ಮಾತ್ರೆಯೊಂದು ಇಷ್ಟು ಮಾಡೀತೆಂದು ಅಲ್ಲಿಯವರೆಗೆ ಯಾರೂ ಖಚಿತವಾಗಿ ಹೇಳಿರಲಿಲ್ಲ.

ಇಷ್ಟು ತಡವಾದದ್ದಕ್ಕೆ ಕಾರಣವಿತ್ತು. ಹೃದಯಾಘಾತವಾದವರ ನಾಳದಲ್ಲಿ ಸಿಗುವ ರಕ್ತದ ಹೆಪ್ಪು ಆಘಾತದ ಕಾರಣವೋ ಪರಿಣಾಮವೋ ಎಂಬ ಜಗಳವೇ 1980ರವರೆಗೆ ತೀರಿರಲಿಲ್ಲ. ಆ ವರ್ಷ ಅಮೆರಿಕದ ಸ್ಪೋಕೇನ್ ಪಟ್ಟಣದ ಮಾರ್ಕಸ್ ಡಿವುಡ್ ಮತ್ತು ಸಂಗಡಿಗರು ಎದೆನೋವು ಶುರುವಾದ ಕೆಲವೇ ತಾಸುಗಳಲ್ಲಿ ರೋಗಿಗಳ ಆಂಜಿಯೋಗ್ರಾಂ, ಅಂದರೆ ನಾಳಕ್ಕೆ ದ್ರವ ಬಿಟ್ಟು ತೆಗೆಯುವ ಎಕ್ಸ್‌ರೇ ಚಿತ್ರ, ಮಾಡುವ ಧೈರ್ಯ ತೋರಿದರು. ನಾಲ್ಕು ತಾಸಿನೊಳಗೆ ನೋಡಿದವರಲ್ಲಿ ಶೇ. 87 ಮಂದಿಯ ನಾಳ ಪೂರ್ತಿ ಕಟ್ಟಿಕೊಂಡಿತ್ತು. ಹೆಪ್ಪು ಕಾರಣವೇ ಎಂಬುದು ಇತ್ಯರ್ಥವಾಯಿತು. ಆದರೆ ಆ ಹೆಪ್ಪು ಅಲ್ಲಿಯೇ ಏಕೆ ಕಟ್ಟಿತು, ಅವತ್ತೇ ಏಕೆ ಕಟ್ಟಿತು ಎಂಬ ಪ್ರಶ್ನೆ ಉಳಿಯಿತು.

ಶವದ ಮೇಜಿನಿಂದ ಸಿನಿಮಾ ರೀಲಿಗೆ

ಹೃದಯಕ್ಕೆ ರಕ್ತ ಕೊಡುವ ಕೊರೊನರಿ ನಾಳಗಳು ಎರಡು. ಮಹಾಧಮನಿಯ ಬುಡದಲ್ಲೇ ಹುಟ್ಟುತ್ತವೆ. ಎಡಗಡೆಯದು ಬೇಗನೆ ಕವಲೊಡೆದು, ಒಂದು ಕವಲು ಹೃದಯದ ಮುಂಭಾಗದಲ್ಲಿ ಕೆಳಗಿಳಿಯುತ್ತದೆ, ಇನ್ನೊಂದು ಹಿಂದಕ್ಕೆ ಸುತ್ತುತ್ತದೆ. ಬಲಗಡೆಯದು ಹೃದಯದ ಮೇಲಿನ ಕೋಣೆಗೂ ಕೆಳಗಿನ ಕೋಣೆಗೂ ನಡುವಿನ ಸಂದಿಯಲ್ಲಿ ಹರಿಯುತ್ತದೆ. ಬುಡದಲ್ಲಿ ಅಗಲ ಮೂರು-ನಾಲ್ಕು ಮಿಲಿಮೀಟರ್. ಈ ನಾಳಗಳು ಹೃದಯದ ಸ್ನಾಯುವಿಗೆ ಅಂಟಿಕೊಂಡೇ ಇರುವುದರಿಂದ ಅದು ಹಿಂಡಿದಾಗ ಇವೂ ಬಾಗುತ್ತವೆ, ತಿರುಚುತ್ತವೆ, ಅದು ಸಡಿಲಿದಾಗ ಬಿಚ್ಚಿಕೊಳ್ಳುತ್ತವೆ. ನಿಮಿಷಕ್ಕೆ 70 ಬಡಿತವೆಂದರೆ ದಿನಕ್ಕೆ ಒಂದು ಲಕ್ಷ, ವರ್ಷಕ್ಕೆ ಮೂರೂವರೆ ಕೋಟಿಗೂ ಮೇಲೆ. ಅರವತ್ತು ತುಂಬುವ ಹೊತ್ತಿಗೆ ಇನ್ನೂರು ಕೋಟಿ ಸಲ ದಾಟಿರುತ್ತದೆ. ಮೈಯ ಬೇರೆ ಯಾವ ರಕ್ತನಾಳವೂ ಹುಟ್ಟಿನಿಂದ ಸಾವಿನವರೆಗೆ ಹೀಗೆ ಬಿಡುವಿಲ್ಲದೆ ಬಾಗಿ ಬಿಚ್ಚುವುದಿಲ್ಲ.

ನಾಲ್ಕೂವರೆ ಶತಮಾನ ಈ ಸಂಗತಿ ಕಣ್ಣಿಗೆ ಬೀಳಲಿಲ್ಲ. ಕಾರಣ ಸರಳ: ವೈದ್ಯರು ನೋಡುತ್ತಿದ್ದುದು ನಿಂತ ಹೃದಯಗಳನ್ನು. 1507-08ರ ಚಳಿಗಾಲದಲ್ಲಿ ಫ್ಲಾರೆನ್ಸಿನ ಸಾಂತಾ ಮರಿಯಾ ನುವೋವಾ ಆಸ್ಪತ್ರೆಯಲ್ಲಿ, ನೂರು ದಾಟಿದೆನೆಂದು ಹೇಳಿಕೊಂಡಿದ್ದ ಮುದುಕನೊಬ್ಬ ನೆಮ್ಮದಿಯಾಗಿ ಪ್ರಾಣ ಬಿಟ್ಟಾಗ ಲಿಯೊನಾರ್ಡೊ ಡಾ ವಿಂಚಿ ಅವನ ಶವವನ್ನು ಕೊಯ್ದು ನೋಡಿದ. ಹೃದಯಕ್ಕೆ ರಕ್ತ ಕೊಡುವ ನಾಳಗಳು ಸೊರಗಿ ಸೊಟ್ಟಗಾಗಿದ್ದುದನ್ನು ಬರೆದಿಟ್ಟ. ಲಂಡನ್ನಿನ ವಿಲಿಯಂ ಹೆಬರ್ಡನ್ 1768ರಲ್ಲಿ ನಡೆಯುವಾಗ ಬಂದು ನಿಂತರೆ ಹೋಗುವ ಎದೆನೋವನ್ನು ವರ್ಣಿಸಿದ. 1910ರಲ್ಲಿ ಕೀವ್ ನಗರದ ಇಬ್ಬರು ವೈದ್ಯರು, 1912ರಲ್ಲಿ ಶಿಕಾಗೋದ ಜೇಮ್ಸ್ ಹೆರಿಕ್, ಬದುಕಿರುವ ರೋಗಿಯಲ್ಲೇ ನಾಳ ಕಟ್ಟಿಕೊಂಡದ್ದನ್ನು ಗುರುತಿಸಬಹುದು, ಹಾಗೆ ಕಟ್ಟಿಕೊಂಡವರೆಲ್ಲ ತಕ್ಷಣ ಸಾಯಬೇಕೆಂದೇನಿಲ್ಲ ಎಂದು ತೋರಿಸಿದರು. ಹೆರಿಕ್ ಮಾತಿಗೆ ಮೊದಮೊದಲು ಯಾರೂ ಕಿವಿಗೊಡಲಿಲ್ಲ. ಇ.ಸಿ.ಜಿ. ಬಳಕೆಗೆ ಬಂದ ಮೇಲಷ್ಟೇ ಅದಕ್ಕೆ ಬೆಲೆ ಬಂತು.

ಬದುಕಿರುವ ಮನುಷ್ಯನ ಕೊರೊನರಿ ನಾಳ ಹೇಗಿರುತ್ತದೆಂದು ಸ್ಪಷ್ಟವಾಗಿ ಕಂಡದ್ದು 1958ರ ಅಕ್ಟೋಬರ್ 30ರಂದು, ಅದೂ ಕೈತಪ್ಪಿನಿಂದ. ಕ್ಲೀವ್‌ಲ್ಯಾಂಡ್ ಕ್ಲಿನಿಕ್ಕಿನ ಮೇಸನ್ ಸೋನ್ಸ್ ಅವತ್ತು 26 ವರ್ಷದ ಯುವಕನ ಹೃದಯದ ಕವಾಟವನ್ನು ಪರೀಕ್ಷಿಸುತ್ತಿದ್ದರು. ಎಕ್ಸ್‌ರೇ ಬಿಂಬವನ್ನು ದೊಡ್ಡದು ಮಾಡುವ ಯಂತ್ರ ಎಷ್ಟು ಬೃಹತ್ತಾಗಿತ್ತೆಂದರೆ ಅದನ್ನು ಮೇಜಿನ ಕೆಳಗೆ ಕೂಡಿಸಲು ನೆಲದಲ್ಲಿ ಗುಂಡಿ ತೋಡಿದ್ದರು. ಸೋನ್ಸ್ ಆ ಗುಂಡಿಯಲ್ಲಿ ಕೂತು ಬಿಂಬ ನೋಡುತ್ತಿದ್ದರು. ಮೇಲೆ ಅವರ ಸಹಾಯಕ ಕೊಳವೆಯನ್ನು ಮಹಾಧಮನಿಯ ಬುಡಕ್ಕೆ ಎಳೆದು, ಬಣ್ಣದ ದ್ರವ ಬಿಡುವ ಹೊತ್ತಿಗೆ ಅದರ ತುದಿ ಜಾರಿ ಬಲ ಕೊರೊನರಿ ನಾಳದೊಳಕ್ಕೆ ಹೊಕ್ಕಿತ್ತು. ದ್ರವ ಪೂರಾ ಆ ಸಣ್ಣ ನಾಳಕ್ಕೆ ನುಗ್ಗಿತು. ಹಾಗಾದರೆ ಹೃದಯ ಅಲ್ಲೇ ಕಂಪಿಸಿ ನಿಲ್ಲುತ್ತದೆಂದು ಆ ಕಾಲದ ವೈದ್ಯರೆಲ್ಲ ನಂಬಿದ್ದರು. ಸೋನ್ಸ್ ಗುಂಡಿಯಿಂದ ಮೇಲೆ ಹಾರಿ, ಎದೆ ಸೀಳಿ ಕೈಯಿಂದ ಹೃದಯ ಒತ್ತಲು ಚಾಕುವಿಗೆ ಕೈಹಾಕಿದರು. ಪರದೆಯ ಮೇಲೆ ಬಡಿತದ ಗೆರೆ ನೇರವಾಗಿತ್ತು. ಆದರೆ ರೋಗಿಗೆ ಇನ್ನೂ ಎಚ್ಚರವಿತ್ತು. "ಕೆಮ್ಮು, ಕೆಮ್ಮು" ಎಂದು ಕೂಗಿದರು. ಅವನು ಒಂದೆರಡು ಸಲ ಕೆಮ್ಮಿದ. ಹೃದಯ ಮತ್ತೆ ಬಡಿಯತೊಡಗಿತು.

ಮುಂದಿನ ದಿನಗಳಲ್ಲಿ ಸೋನ್ಸ್‌ಗೆ ಒಂದು ಸಂಗತಿ ಹೊಳೆಯಿತು: ಇಷ್ಟೊಂದು ದ್ರವ ನುಗ್ಗಿಯೂ ಮನುಷ್ಯ ಉಳಿದನೆಂದರೆ, ಸ್ವಲ್ಪವೇ ಬಿಟ್ಟು ಬೇಕೆಂದೇ ಈ ನಾಳಗಳ ಚಿತ್ರ ತೆಗೆಯಬಹುದು. ಆಂಜಿಯೋಗ್ರಾಂ ಹುಟ್ಟಿದ್ದು ಹೀಗೆ. ಅದು ಹುಟ್ಟಿದ್ದೇ 35 ಮಿಲಿಮೀಟರಿನ ಸಿನಿಮಾ ರೀಲಿನ ಮೇಲೆ. ಅದರಲ್ಲಿ ನಾಳ ಕುಣಿಯುತ್ತಿತ್ತು. ಬಲಗಡೆಯ ನಾಳ ಪ್ರತಿ ಬಡಿತಕ್ಕೂ ಒಂದೆರಡು ಸೆಂಟಿಮೀಟರ್ ಕೆಳಗೆ ಎಳೆದುಕೊಂಡು ಹೋಗಿ ಮರಳುತ್ತಿತ್ತು. ಎಡದ ಮುಂಗವಲು ಅದಕ್ಕಿಂತ ಕಡಿಮೆ ಓಡಾಡಿದರೂ ಅಲ್ಲಲ್ಲಿ ಮಡಚುತ್ತಿತ್ತು. ಕವಲಿನ ಮೂಲೆಗಳು ತೆರೆದು ಮುಚ್ಚುತ್ತಿದ್ದವು.

ಪರ್ಸೆಂಟಿನ ಯುಗ

ಕುಣಿಯುವ ನಾಳವನ್ನು ಮೊದಲ ಬಾರಿಗೆ ಕಂಡ ವೈದ್ಯರು ಮಾಡಿದ ಮೊದಲ ಕೆಲಸ ರೀಲನ್ನು ನಿಲ್ಲಿಸಿದ್ದು. ನಾಳ ಚೆನ್ನಾಗಿ ಚಾಚಿಕೊಂಡಿರುವ ಒಂದು ಚಿತ್ರವನ್ನು ಹಿಡಿದು, ಎಲ್ಲಿ ಎಷ್ಟು ಕಿರಿದಾಗಿದೆಯೆಂದು ಅಳೆದರು. ಅದು ತಪ್ಪಾಗಿರಲಿಲ್ಲ, ಅಳೆಯಬಹುದಾದದ್ದು ಅದೊಂದೇ ಆಗಿತ್ತು. ಆ ಅಳತೆಯ ಮೇಲೆ ಒಂದು ಇಡೀ ಶಾಸ್ತ್ರ ನಿಂತಿತು. 1967ರಲ್ಲಿ ಅದೇ ಕ್ಲೀವ್‌ಲ್ಯಾಂಡಿನಲ್ಲಿ ರೆನೆ ಫವಲೋರೊ ಕಾಲಿನ ರಕ್ತನಾಳ ತೆಗೆದು ಬೈಪಾಸ್ ಹೊಲಿದರು. 1975ರಲ್ಲಿ ಕೆ.ಎಂ. ಚೆರಿಯನ್ ಚೆನ್ನೈನ ಪೆರಂಬೂರು ರೈಲ್ವೆ ಆಸ್ಪತ್ರೆಯಲ್ಲಿ ಭಾರತದ ಮೊದಲ ಕೊರೊನರಿ ಬೈಪಾಸ್ ಮಾಡಿದರು. 1977ರ ಸೆಪ್ಟೆಂಬರ್ 16ರಂದು ಜ್ಯೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಎಚ್ಚರವಿದ್ದ ರೋಗಿಯ ನಾಳವನ್ನು ಪುಟ್ಟ ಬಲೂನಿನಿಂದ ಅಗಲಿಸಿದರು. 1986ರಲ್ಲಿ ಮ್ಯಾಥ್ಯೂ ಸ್ಯಾಮ್ಯುಯೆಲ್ ಕಲರಿಕ್ಕಲ್ ಆ ಕೆಲಸವನ್ನು ಭಾರತಕ್ಕೆ ತಂದರು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ ದೊಡ್ಡದಾಗಿ ಬೆಳೆಯಿತು. ಸಹಕಾರ ಸಂಘಗಳ ಸದಸ್ಯ ರೈತರಿಗಾಗಿ 2003ರಲ್ಲಿ ಜಾರಿಯಾದ ಯಶಸ್ವಿನಿ ಯೋಜನೆಯಿಂದ ಹೃದಯದ ಆಪರೇಷನ್ ಎಂಬುದು ಕಬ್ಬು ಬೆಳೆಗಾರನ ಮನೆಯಲ್ಲೂ ಆಡುವ ಮಾತಾಯಿತು.

ಈ ಯುಗ ನಮ್ಮ ಭಾಷೆಗೂ ಇಳಿದಿದೆ. ಬೆಳಗಾವಿಯ ಯಾವುದೇ ಹೃದಯದ ಆಸ್ಪತ್ರೆಯ ಕ್ಯಾಥ್ ಲ್ಯಾಬ್ ಹೊರಗೆ ನಿಂತರೆ ಕೇಳಿಸುವ ಪ್ರಶ್ನೆ ಒಂದೇ: "ಸಾಹೇಬ್ರ, ನಮ್ಮಪ್ಪಾರಿಗೆ ಎಷ್ಟ ಬ್ಲಾಕ್ ಅದಾವ್ರಿ? ಎಷ್ಟ ಪರ್ಸೆಂಟ್ ಐತ್ರಿ?" ವೈದ್ಯರು ಮಾನಿಟರಿನಲ್ಲಿ ಓಡುತ್ತಿರುವ ಚಿತ್ರವನ್ನು ನಿಲ್ಲಿಸಿ, ಕಿರಿದಾದ ಕಡೆ ಬೆರಳಿಟ್ಟು, "ಇಲ್ಲಿ ಎಂಬತ್ತು, ಇಲ್ಲಿ ನಲವತ್ತು" ಅನ್ನುತ್ತಾರೆ. ಎಂಬತ್ತಕ್ಕೆ ನಾಳವನ್ನು ತೆರೆದಿಡುವ ಪುಟ್ಟ ಬಲೆ ಸ್ಟೆಂಟ್, ನಲವತ್ತಕ್ಕೆ ಮಾತ್ರೆ. ನಲವತ್ತು ಕೇಳಿದ ಮನೆಯವರು ನಿಟ್ಟುಸಿರು ಬಿಡುತ್ತಾರೆ.

ಆ ನಿಟ್ಟುಸಿರಿಗೆ ಪೆಟ್ಟು ಕೊಟ್ಟದ್ದು 1988ರ ಒಂದು ಸಣ್ಣ ಅಧ್ಯಯನ. ಅಮೆರಿಕದ ವಿಲಿಯಂ ಲಿಟ್ಲ್ ಮತ್ತು ಸಂಗಡಿಗರು, ಯಾವುದೋ ಕಾರಣಕ್ಕೆ ಮೊದಲೇ ಆಂಜಿಯೋಗ್ರಾಂ ಆಗಿದ್ದು, ಆಮೇಲೆ ಹೃದಯಾಘಾತವಾದ ರೋಗಿಗಳ ಹಳೆಯ ರೀಲುಗಳನ್ನು ಹೊರತೆಗೆದರು. ಹೊಸದಾಗಿ ನಾಳ ಕಟ್ಟಿಕೊಂಡ 29 ಮಂದಿಯಲ್ಲಿ 19 ಮಂದಿಗೆ, ಕಟ್ಟಿಕೊಂಡ ಜಾಗದಲ್ಲಿ ಹಿಂದೆ ಇದ್ದ ಕಿರಿದು ಅರ್ಧಕ್ಕಿಂತ ಕಡಿಮೆ. ಹಳೆಯ ಚಿತ್ರ ನೋಡಿ ಮುಂದಿನ ಆಘಾತದ ಜಾಗ ಹೇಳಲು ಸಾಧ್ಯವಿರಲಿಲ್ಲ. ಜಾನ್ ಆಂಬ್ರೋಸ್ ಎಂಬವರೂ ಅದೇ ವರ್ಷ ಅಂಥದ್ದೇ ಮಾತು ಹೇಳಿದರು. 2007ರಲ್ಲಿ 2,287 ರೋಗಿಗಳ 'ಕರೇಜ್' ಪರೀಕ್ಷೆ ಇನ್ನೊಂದು ದಿಕ್ಕಿನಿಂದ ಇದನ್ನೇ ಸಾರಿತು: ನಡೆದಾಗಷ್ಟೇ ಎದೆನೋವು ಬರುವ ಸ್ಥಿರ ಸ್ಥಿತಿಯ ರೋಗಿಗಳಿಗೆ ಸ್ಟೆಂಟ್ ಹಾಕಿದರೆ ನೋವು ತಗ್ಗುತ್ತದೆ. ಆದರೆ ಒಳ್ಳೆಯ ಔಷಧೋಪಚಾರದಲ್ಲಿರುವವರಿಗಿಂತ ಸಾವಾಗಲಿ ಹೃದಯಾಘಾತವಾಗಲಿ ಕಡಿಮೆಯಾಗುವುದಿಲ್ಲ. ಹೃದಯಾಘಾತ ನಡೆಯುತ್ತಿರುವಾಗ ಹಾಕುವ ಸ್ಟೆಂಟಿನ ಮಾತು ಬೇರೆ, ಅದು ಜೀವ ಉಳಿಸುತ್ತದೆ.

ಕಿರಿದಾದದ್ದೇ ಅಪಾಯವಲ್ಲವೆಂದ ಮೇಲೆ ಕಣ್ಣು ಗೋಡೆಯ ಕಡೆ ತಿರುಗಲೇಬೇಕಾಯಿತು.

ಗೋಡೆ ಬಿರಿಯುವುದು ಏಕೆ?

ಗೋಡೆಯ ಕಥೆಯನ್ನು 1966ರಲ್ಲೇ ಒಬ್ಬರು ಹೇಳಿದ್ದರು. ಕೆನಡಾದ ವ್ಯಾಂಕೂವರ್‌ನಲ್ಲಿದ್ದ ಪ್ಯಾರಿಸ್ ಕಾನ್‌ಸ್ಟಾಂಟಿನೀಡಿಸ್ ಎಂಬ ರೋಗಶಾಸ್ತ್ರಜ್ಞ ಹೃದಯಾಘಾತದಿಂದ ಸತ್ತವರ ನಾಳಗಳನ್ನು ಒಂದರ ಹಿಂದೊಂದು ತೆಳು ಪದರಗಳಾಗಿ ಕೊಯ್ದು, ಒಂದನ್ನೂ ಬಿಡದೆ ಸೂಕ್ಷ್ಮದರ್ಶಕದಡಿ ಇಟ್ಟರು. ಹೆಪ್ಪು ಇದ್ದ ಕಡೆಯಲ್ಲಿ ಹುಡುಕುತ್ತ ಹೋದರೆ ಒಂದು ಬಿರುಕು ಸಿಗುತ್ತಿತ್ತು. ನಾಳದ ಗೋಡೆಯೊಳಗೆ ವರ್ಷಗಟ್ಟಲೆ ಕೂಡಿಕೊಂಡ ಕೊಬ್ಬಿನ ಮೇಲೆ ತೆಳುವಾದ ನಾರಿನ ಮುಚ್ಚಳವಿರುತ್ತದೆ. ಆ ಮುಚ್ಚಳ ಬಿರಿದು ಒಳಗಿನ ಕೊಬ್ಬು ರಕ್ತಕ್ಕೆ ತಾಗಿದೊಡನೆ ಅಲ್ಲಿ ಹೆಪ್ಪು ಕಟ್ಟುತ್ತದೆ. ಎಂಬತ್ತರ ದಶಕದಲ್ಲಿ ಲಂಡನ್ನಿನ ಮೈಕೆಲ್ ಡೇವಿಸ್ ಇದನ್ನು ಗಟ್ಟಿ ಮಾಡಿದರು. 1989ರಲ್ಲಿ ಅವರು ಪೀಟರ್ ರಿಚರ್ಡ್‌ಸನ್, ಗುಸ್ತಾವ್ ಬಾರ್ನ್ ಜೊತೆ ಸೇರಿ ಲೆಕ್ಕ ಹಾಕಿದಾಗ ಮುಚ್ಚಳ ಹೆಚ್ಚಾಗಿ ಬಿರಿಯುವುದು ಅಂಚುಗಳಲ್ಲಿ, ಒತ್ತಡ ಒಂದೇ ಕಡೆ ಕೂಡಿಬೀಳುವ ಜಾಗದಲ್ಲಿ ಎಂದು ಕಂಡಿತು.

ಈಗ ವೈದ್ಯರ ಪಕ್ಕದಲ್ಲಿ ಎಂಜಿನಿಯರ್‌ಗಳು ಬಂದು ಕೂತರು. ಬಿರುಕು, ಒತ್ತಡ, ದಣಿವು ಅವರ ನಿತ್ಯದ ಮಾತು. ಮೋಟರಿನ ತಂತಿಯನ್ನು ಒಂದೇ ಸಲ ಬಗ್ಗಿಸಿದರೆ ಮುರಿಯದು. ಅದೇ ಜಾಗದಲ್ಲಿ ಹಿಂದೆ ಮುಂದೆ ಹತ್ತಾರು ಸಲ ಬಗ್ಗಿಸಿದರೆ ಕೈಯಲ್ಲಿ ಎರಡು ತುಂಡು ಉಳಿಯುತ್ತದೆ. ಹಾಗಾದರೆ ದಿನಕ್ಕೆ ಲಕ್ಷ ಸಲ ಬಾಗುವ ನಾಳದ ಮುಚ್ಚಳ ಒಂದು ದಿನ ಯಾವ ದೊಡ್ಡ ಕಾರಣವೂ ಇಲ್ಲದೆ ಬಿರಿಯಬಾರದೇಕೆ? ಈ ತರ್ಕವನ್ನು 2006ರಲ್ಲಿ ಅಮೆರಿಕದ ಮಿನೆಸೋಟಾ ಕಡೆಯ ಸಂಶೋಧಕರು ಗಣಿತದ ಮಾದರಿಯಾಗಿ ಮುಂದಿಟ್ಟರು. ಜೀವಂತ ಗೋಡೆ ಲೋಹವಲ್ಲ, ಅದು ತನ್ನನ್ನು ತಾನು ದುರಸ್ತಿ ಮಾಡಿಕೊಳ್ಳುತ್ತದೆ. ಆದರೆ ಉರಿಯೂತದಿಂದ ಸವೆದ ಗೋಡೆಯಲ್ಲಿ ದುರಸ್ತಿಗಿಂತ ಸವೆತ ಮುಂದೋಡಬಹುದು.

ಮಿಡಿತದ ಮೇಲೆ ಸಂಶಯ ಬರಲು ಬೇರೆ ಸುಳಿವುಗಳೂ ಇದ್ದವು. 1984ರಲ್ಲಿ ಶಿಕಾಗೋದ ಬೀಯರ್, ಗ್ಲಾಗೋವ್, ಜರಿನ್ಸ್ ಎಂಬವರು ಕೊಬ್ಬಿನ ಆಹಾರ ತಿನ್ನಿಸಿದ ಮಂಗಗಳಲ್ಲಿ ಕೆಲವಕ್ಕೆ ಹೃದಯದ ತಾಳ ನಡೆಸುವ ಬಿಂದುವನ್ನೇ ಸುಟ್ಟು ಬಡಿತ ನಿಧಾನ ಮಾಡಿದರು. ನಿಧಾನ ಬಡಿತದ ಮಂಗಗಳ ಕೊರೊನರಿ ನಾಳಗಳಲ್ಲಿ ಕೊಬ್ಬು ಕೂಡಿದ್ದು ಅರ್ಧಕ್ಕಿಂತ ಕಡಿಮೆ. 1994ರಲ್ಲಿ ಡೆಟ್ರಾಯಿಟಿನ ಪಾಲ್ ಸ್ಟೈನ್ ತಂಡ ರೋಗಿಗಳ ಆಂಜಿಯೋಗ್ರಾಂಗಳಲ್ಲಿ ಪ್ರತಿ ಬಡಿತಕ್ಕೆ ನಾಳ ಎಷ್ಟು ಕೋನ ಬಾಗುತ್ತದೆಂದು ಅಳೆದು, ಈ ಬಾಗುವಿಕೆಗೂ ರೋಗ ಬೆಳೆಯುವುದಕ್ಕೂ ನಂಟಿರಬಹುದೆಂದು ಹೇಳಿತು. 2000ದಲ್ಲಿ ಡಿಂಗ್ ಮತ್ತು ಫ್ರೀಡ್‌ಮನ್ ಎರಡು ದಿಕ್ಕಿನಿಂದ ಏಕಕಾಲಕ್ಕೆ ತೆಗೆದ ಚಿತ್ರಗಳನ್ನು ಜೋಡಿಸಿ ನಾಳದ ಬಾಗು, ತಿರುಚು, ಹಿಗ್ಗುಗಳನ್ನು ಮೂರು ಆಯಾಮದಲ್ಲಿ ಲೆಕ್ಕ ಹಾಕಿದರು. ವ್ಯಕ್ತಿಯಿಂದ ವ್ಯಕ್ತಿಗೆ ಈ ಕುಣಿತ ಬಹಳ ಬೇರೆಯೆಂದು ಕಂಡಿತು. ಸಕ್ಕರೆ, ಬಿ.ಪಿ., ಕೊಲೆಸ್ಟರಾಲ್ ಒಂದೇ ತೆರನಾಗಿದ್ದ ಇಬ್ಬರಲ್ಲಿ ಒಬ್ಬನಿಗಷ್ಟೇ ಏಕೆ ಆಘಾತ ಎಂಬ ಹಳೆಯ ಒಗಟಿಗೆ ಇದೊಂದು ಎಳೆಯಾಗಬಹುದೆಂಬ ಆಸೆ ಹುಟ್ಟಿದ್ದು ಅಲ್ಲಿ.

2001ರಲ್ಲಿ ಜರ್ಮನಿಯ ಡ್ಯುಸೆಲ್‌ಡಾರ್ಫ್‌ನ ಹೈಡ್‌ಲಾಂಡ್ ಮತ್ತು ಸ್ಟ್ರಾವರ್ ಆರು ತಿಂಗಳೊಳಗೆ ಎರಡು ಸಲ ಆಂಜಿಯೋಗ್ರಾಂ ಆಗಿದ್ದ 106 ರೋಗಿಗಳನ್ನು ಹೋಲಿಸಿದರು. ನಡುವಿನ ಅವಧಿಯಲ್ಲಿ ಮುಚ್ಚಳ ಬಿರಿದಿದ್ದ 53 ಮಂದಿಯಲ್ಲಿ ನಿಮಿಷಕ್ಕೆ 80ಕ್ಕಿಂತ ಹೆಚ್ಚು ಬಡಿತ ಮತ್ತು ದಪ್ಪಗಾದ ಹೃದಯದ ಸ್ನಾಯು ಹೆಚ್ಚಾಗಿ ಕಂಡವು. ಬಡಿತ ಇಳಿಸುವ ಬೀಟಾ ಬ್ಲಾಕರ್ ತೆಗೆದುಕೊಳ್ಳುತ್ತಿದ್ದವರಲ್ಲಿ ಬಿರುಕು ಕಡಿಮೆ.

ಎಲ್ಲಕ್ಕಿಂತ ಕುತೂಹಲದ ಸಾಕ್ಷಿ ಪ್ರಕೃತಿಯೇ ಇಟ್ಟಿರುವುದು. ಕೆಲವರಲ್ಲಿ ಮುಂಗವಲಿನ ಒಂದು ತುಂಡು ಸ್ನಾಯುವಿನ ಮೇಲೆ ಹರಿಯದೆ ಅದರೊಳಗೆ ಹುದುಗಿ ಹೋಗಿರುತ್ತದೆ. ಸ್ನಾಯು ಸೇತುವೆ ಎಂದು ಕರೆಯುವ ಈ ರಚನೆಯನ್ನು 1737ರಲ್ಲೇ ರೈಮನ್ ಎಂಬಾತ ಗುರುತಿಸಿದ್ದ. ಹೃದಯ ಹಿಂಡಿದಾಗಲೆಲ್ಲ ಆ ತುಂಡು ಅಮುಕಿಹೋಗುತ್ತದೆ. ಆದರೂ ಸೇತುವೆಯ ಕೆಳಗಿನ ಭಾಗ ಬಹುಪಾಲು ಶುದ್ಧವಾಗಿಯೇ ಉಳಿಯುತ್ತದೆ, ಅದಕ್ಕೆ ಸ್ವಲ್ಪ ಮೇಲಿನ ಭಾಗದಲ್ಲಿ ಕೊಬ್ಬು ಕೂಡುತ್ತದೆ. ಒಂದೇ ರಕ್ತ, ಒಂದೇ ಕೊಲೆಸ್ಟರಾಲ್, ಒಂದೇ ನಾಳ. ಬೇರೆಯಾಗಿರುವುದು ಚಲನೆ ಮತ್ತು ಹರಿವು ಮಾತ್ರ. ಸ್ಟೆಂಟುಗಳೂ ಇದೇ ಸಾಕ್ಷಿ ನುಡಿಯುತ್ತವೆ. ಲೋಹದ ಸ್ಟೆಂಟು ಅಪರೂಪಕ್ಕೆ ಮುರಿಯುತ್ತದೆ, ಮುರಿಯುವುದು ಹೆಚ್ಚಾಗಿ ಬಲಗಡೆಯ ನಾಳದಲ್ಲಿ, ನಾಳ ಕೀಲಿನಂತೆ ಮಡಚುವ ಜಾಗದಲ್ಲಿ.

ಮಾತು ಇಲ್ಲಿಗೇ ಮುಗಿಯುವುದಿಲ್ಲ

ಇಷ್ಟು ಓದಿದವರಿಗೆ, ಹೃದಯ ಕಡಿಮೆ ಬಡಿದಷ್ಟೂ ಒಳ್ಳೆಯದು, ಮೈ ಅಲುಗಿಸದೆ ಕೂತರೆ ನಾಳ ಬಾಳಿಕೆ ಬಂದೀತು ಅನ್ನಿಸಬಹುದು. ಚರಿತ್ರೆ ಆ ದಾರಿಯನ್ನು ಮುಚ್ಚಿದೆ. 1953ರಲ್ಲಿ ಜೆರೆಮಿ ಮಾರಿಸ್ ಲಂಡನ್ನಿನ ಸುಮಾರು 31,000 ಸಾರಿಗೆ ನೌಕರರ ಲೆಕ್ಕ ನೋಡಿದಾಗ, ದಿನವಿಡೀ ಕೂತು ಬಸ್ ಓಡಿಸುವ ಡ್ರೈವರ್‌ಗಳಿಗಿಂತ ಎರಡಂತಸ್ತಿನ ಬಸ್ಸಿನ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರ್‌ಗಳಲ್ಲಿ ಹೃದಯದ ಕಾಯಿಲೆ ಕಡಿಮೆಯಿತ್ತು. ದುಡಿಮೆಯ ಹೊತ್ತಿನಲ್ಲಿ ಏರುವ ಬಡಿತ, ಮೈ ಪಳಗಿದ ಮೇಲೆ ವಿಶ್ರಾಂತಿಯ ಹೊತ್ತಿನಲ್ಲಿ ಇಳಿಯುತ್ತದೆ. ದಿನದ ಒಟ್ಟು ಲೆಕ್ಕದಲ್ಲಿ ಲಾಭವೇ ಹೆಚ್ಚು.

ಔಷಧದಿಂದ ಬಡಿತ ಇಳಿಸಿಬಿಟ್ಟರೆ? 2014ರಲ್ಲಿ 19,102 ರೋಗಿಗಳ ದೊಡ್ಡ ಪರೀಕ್ಷೆಯೊಂದು ಇದನ್ನೇ ಒರೆಗೆ ಹಚ್ಚಿತು. ಐವಬ್ರಾಡಿನ್ ಎಂಬ ಮಾತ್ರೆ ಬಡಿತವನ್ನು ಚೆನ್ನಾಗಿಯೇ ಇಳಿಸಿತು, ಆದರೆ ಹೃದಯ ವೈಫಲ್ಯವಿಲ್ಲದ ಕೊರೊನರಿ ರೋಗಿಗಳಲ್ಲಿ ಸಾವನ್ನಾಗಲಿ ಆಘಾತವನ್ನಾಗಲಿ ಇಳಿಸಲಿಲ್ಲ. ವೇಗದ ಬಡಿತ ಕೆಲವೊಮ್ಮೆ ಬೇರೆ ತೊಂದರೆಯ ಗುರುತಷ್ಟೇ ಇರಬಹುದು. ಎಷ್ಟು ಸಲ ಬಾಗುತ್ತದೆ ಎಂಬುದಕ್ಕಿಂತ ಹೇಗೆ ಬಾಗುತ್ತದೆ, ಎಲ್ಲಿ ಬಾಗುತ್ತದೆ ಎಂಬುದೇ ಮುಖ್ಯವಿರಬಹುದು. 2004ರಲ್ಲಿ 208 ಹೃದಯಾಘಾತಗಳ ನಕ್ಷೆ ಹಾಕಿದ ಅಮೆರಿಕದ ಅಧ್ಯಯನವೊಂದರಲ್ಲಿ ನಾಳ ಕಟ್ಟಿಕೊಂಡ ಜಾಗಗಳು ಅಲ್ಲಲ್ಲಿ ಚೆದುರಿರಲಿಲ್ಲ, ಪ್ರತಿ ನಾಳದ ಬುಡದ ಕಡೆಯ ಮೂರನೇ ಒಂದು ಪಾಲಿನಲ್ಲಿ ಗುಂಪುಗೂಡಿದ್ದವು. ಕವಲುಗಳು, ತಿರುವುಗಳು ಇರುವುದೂ ಅಲ್ಲೇ. 1969ರಲ್ಲೇ ಲಂಡನ್ನಿನ ಕಾಲಿನ್ ಕ್ಯಾರೊ, ರಕ್ತ ಮಂದವಾಗಿ ಗೋಡೆ ಸವರುವ ಕಡೆಯಲ್ಲಿ ಕೊಬ್ಬು ಕೂಡುತ್ತದೆಂದು ಹೇಳಿದ್ದರು. ಹಾಗಾಗಿ ಚಲನೆಯ ತಪ್ಪೆಷ್ಟು, ಹರಿವಿನ ತಪ್ಪೆಷ್ಟು ಎಂದು ಬಿಡಿಸುವುದು ಕಷ್ಟ, ಎರಡೂ ಒಂದೇ ತಿರುವಿನಲ್ಲಿ ಮನೆ ಮಾಡಿಕೊಂಡಿವೆ.

ಯಂತ್ರಗಳೂ ಚಲನೆಯನ್ನು ಶತ್ರುವಿನಂತೆ ಕಂಡವು. ಈ ಶತಮಾನದ ಮೊದಲ ದಶಕದಲ್ಲಿ ಬಂದ 64 ಸ್ಲೈಸಿನ ಸಿ.ಟಿ. ಆಂಜಿಯೋಗ್ರಾಂ ಕೈಗೆ ಸೂಜಿ ಚುಚ್ಚಿದಷ್ಟರಲ್ಲೇ ನಾಳಗಳ ಚಿತ್ರ ಕೊಡುತ್ತದೆ. ಅದಕ್ಕೆ ಮುಂಚೆ ರೋಗಿಗೆ ಬಡಿತ ಇಳಿಸುವ ಮಾತ್ರೆ ಕೊಟ್ಟು, ಉಸಿರು ಬಿಗಿಹಿಡಿಯಲು ಹೇಳಿ, ಇ.ಸಿ.ಜಿ. ನೋಡಿಕೊಂಡು ಹೃದಯ ಸಡಿಲಿ ನಿಂತಂತಿರುವ ಕ್ಷಣದ ಚಿತ್ರವನ್ನೇ ಆರಿಸುತ್ತಾರೆ. ಬಲಗಡೆಯ ನಾಳ ಅಲುಗಿ ಮಸುಕಾದರೆ ಅದನ್ನು ಸರಿಪಡಿಸಲು ಬೇರೆ ಸಾಫ್ಟ್‌ವೇರ್ ಇದೆ. ಸೋನ್ಸ್ ಕಾಲದ ರೀಲಿನಲ್ಲಿದ್ದ ಕುಣಿತವನ್ನು ಅಳಿಸಿಹಾಕಲು ಅಪಾರ ಬುದ್ಧಿ ಖರ್ಚಾಯಿತು. ಅಳಿಸಿದ ಕಸದಲ್ಲೇ ಮಾಹಿತಿ ಇತ್ತೇನೋ ಎಂದು ಹುಡುಕುವ ಕೆಲಸ ಈಗಿನ ಕೆಲವು ಸಂಶೋಧಕರದು. ಪ್ರತಿ ಆಂಜಿಯೋಗ್ರಾಂನಲ್ಲೂ ಚಲನೆ ದಾಖಲಾಗಿಯೇ ಇರುತ್ತದೆ. ಹೊಸ ಪರೀಕ್ಷೆ ಬೇಕಿಲ್ಲ, ಹೊಸ ಓದು ಬೇಕು.

ತಾಲ್ಲೂಕಿಗೆ ಇಳಿದ ಸೂಜಿ

ಕರ್ನಾಟಕ ಈ ಕಥೆಯ ಹೊರಗಿಲ್ಲ. ಜಯದೇವ ಸಂಸ್ಥೆ 2017ರಿಂದ ನಲವತ್ತರೊಳಗಿನ ಹೃದ್ರೋಗಿಗಳನ್ನು ಪ್ರತ್ಯೇಕವಾಗಿ ದಾಖಲಿಸಿ ಅಧ್ಯಯನ ಮಾಡುತ್ತಿದೆ. 2021ರ ಅಕ್ಟೋಬರ್ 29ರಂದು 46 ವರ್ಷದ ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ ತೀರಿಕೊಂಡಾಗ ನಾಡಿಗೆ ನಾಡೇ ಎದೆ ಮುಟ್ಟಿ ನೋಡಿಕೊಂಡಿತು, ಹೃದಯದ ಆಸ್ಪತ್ರೆಗಳ ಮುಂದೆ ಸಾಲು ಬೆಳೆಯಿತು. ಅವರ ಹೆಸರಿನ 'ಹೃದಯ ಜ್ಯೋತಿ' ಯೋಜನೆ ಈಗ ತಾಲ್ಲೂಕು ಆಸ್ಪತ್ರೆಗಳ ಇ.ಸಿ.ಜಿ.ಯನ್ನು ದೊಡ್ಡ ಹೃದಯ ಕೇಂದ್ರಗಳ ತಜ್ಞರಿಗೆ ಕೂಡಲೇ ತಲುಪಿಸುತ್ತದೆ. ಆಘಾತವೆಂದು ಖಚಿತವಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಸೂಜಿಯನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ. ಹತ್ತಾರು ಸಾವಿರ ರೂಪಾಯಿಯ ಔಷಧ ಅದು. 1985ರಲ್ಲಿ ಜಗತ್ತಿನ ದೊಡ್ಡ ಆಸ್ಪತ್ರೆಗಳೂ ಅನುಮಾನಿಸುತ್ತಿದ್ದ ಚಿಕಿತ್ಸೆ ಇವತ್ತು ತಾಲ್ಲೂಕು ಮಟ್ಟದ ಮಾತಾಗಿದೆ. ಬಡ ರೈತನಿಗೆ ಈ ಚರಿತ್ರೆಯಿಂದ ದಕ್ಕಿದ ದೊಡ್ಡ ಫಲ ಇದೇ.

ಆದರೆ ಆ ಸೂಜಿ ಬಿರುಕಾದ ಮೇಲಿನ ಮದ್ದು. ಬಿರುಕಿಗೆ ಮುಂಚೆ ಮಾಡಬಹುದಾದದ್ದು ಗೋಡೆಯನ್ನು ಗಟ್ಟಿ ಮಾಡುವುದು. 1994ರಲ್ಲಿ ಸ್ಕ್ಯಾಂಡಿನೇವಿಯಾದ 4,444 ರೋಗಿಗಳ ಪರೀಕ್ಷೆ ಸ್ಟ್ಯಾಟಿನ್ ಮಾತ್ರೆ ಜೀವ ಉಳಿಸುತ್ತದೆಂದು ತೋರಿಸಿತು. ಸ್ಟ್ಯಾಟಿನ್ ನಾಳವನ್ನು ಹೇಳಿಕೊಳ್ಳುವಷ್ಟೇನೂ ಅಗಲಿಸುವುದಿಲ್ಲ. ಗೋಡೆಯೊಳಗಿನ ಕೊಬ್ಬನ್ನು ತಗ್ಗಿಸಿ, ಉರಿಯನ್ನು ಆರಿಸಿ, ಮುಚ್ಚಳವನ್ನು ದಪ್ಪ ಮಾಡುತ್ತದೆ. ಬೀಡಿ, ಸಿಗರೇಟು, ಗುಟ್ಕಾ ಬಿಡುವುದು, ಬಿ.ಪಿ., ಸಕ್ಕರೆ ಹತೋಟಿಯಲ್ಲಿಡುವುದು, ದಿನಾ ಮೈಮುರಿದು ನಡೆಯುವುದು ಮಾಡುವ ಕೆಲಸವೂ ಬಹುಪಾಲು ಗೋಡೆಯದೇ. ನಾಳ ಎಷ್ಟು ಸಲ ಬಾಗಬೇಕೆಂಬುದು ನಮ್ಮ ಕೈಯಲ್ಲಿಲ್ಲ, ಬಾಗಿದರೂ ಬಿರಿಯದಂತಿರುವ ಗೋಡೆ ಸ್ವಲ್ಪ ಮಟ್ಟಿಗೆ ನಮ್ಮ ಕೈಯಲ್ಲಿದೆ.

ನಾಳದ ಕುಣಿತ ಅಳೆದು ಇಂಥವರಿಗೆ ಇಂಥ ಕಡೆ ಅಪಾಯವೆಂದು ಹೇಳುವ ಪರೀಕ್ಷೆ ಇನ್ನೂ ಯಾವ ಆಸ್ಪತ್ರೆಯ ದರಪಟ್ಟಿಗೂ ಬಂದಿಲ್ಲ. ಬಂದೀತೆಂದು ಕಾಯುತ್ತ ಕೂರುವ ಅಗತ್ಯವೂ ಇಲ್ಲ. ಇಷ್ಟು ದೀರ್ಘ ಚರಿತ್ರೆ ಕಲಿಸಿದ ಒಂದು ಪಾಠವನ್ನು ಇವತ್ತೇ ಬಳಸಬಹುದು. ಆಂಜಿಯೋಗ್ರಾಂ ಆದವರ ಫೈಲಿನಲ್ಲಿ ನಲವತ್ತು ಪರ್ಸೆಂಟ್ ಎಂದು ಬರೆದಿದ್ದರೆ ಅದು ನಿಂತ ಚಿತ್ರವೊಂದರ ಅಳತೆ, ಪಾರಾದೆವೆಂಬ ಸರ್ಟಿಫಿಕೇಟ್ ಅಲ್ಲ. "ಸ್ಟೆಂಟ್ ಹಾಕಿಲ್ಲಂದ್ರ ಏನೂ ಇಲ್ಲಂತ ಆತಲ್ರಿ" ಎಂದು ಮೂರು ತಿಂಗಳಿಗೆ ಮಾತ್ರೆ ನಿಲ್ಲಿಸುವವರು ಲಿಟ್ಲ್ ನೋಡಿದ ಆ ಹತ್ತೊಂಬತ್ತು ಮಂದಿಯ ಸಾಲಿಗೆ ತಾವಾಗಿಯೇ ಹೋಗಿ ನಿಲ್ಲುತ್ತಾರೆ. ಮಾತ್ರೆ ತಪ್ಪಿಸಬೇಡಿ. ಎದೆ ಹಿಡಿದು ಬೆವರು ಬಂದರೆ ಸೋಡಾ ಅಂಗಡಿಗಲ್ಲ, ಇ.ಸಿ.ಜಿ. ಇರುವ ಕಡೆಗೆ ಹೋಗಿ.